ಎಲ್‌ಜಿಬಿಟಿ ಜನಕ್ಕೆ ಬೇರೆ ಕ್ಲಿನಿಕ್ ಮಾಡೋದಾ, ಇರೋ ಆಸ್ಪತ್ರೆನೇ ಸರಿ ಮಾಡೋದಾ?

ಹಗಲುಪಾಳಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಆಸ್ಪತ್ರೆಯೊಂದರಲ್ಲಿ ನರ್ಸಿಂಗ್ ಕಡೆ ಇದೀನಿ, ಒಪಿಡಿ ಮತ್ತೆ ರಿಜಿಸ್ಟ್ರೇಷನ್ ನೋಡ್ಕೊಳೋ ಟೀಮು. ಎಲ್‌ಜಿಬಿಟಿ (ಲೆಸ್ಬಿಯನ್, ಗೇ, ಬೈಸೆಕ್ಷುಯಲ್, ಟ್ರಾನ್ಸ್) ಜನಕ್ಕೆ ನಮ್ಮಲ್ಲಿ ಸಿಗೋ ಸೇವೆಲಿ ತಾರತಮ್ಯ ಇರಬಾರದು, ಏನೇನ್ ಬದಲಾಯಿಸ್ಬೇಕು ಅಂತ ಒಂದು ಪ್ಲ್ಯಾನ್ ಬರೆದು ಕೊಡಿ ಅಂತ ಹೇಳಿದಾರೆ, ಅದು ನನ್ನ ಪಾಲಿಗೆ ಬಂದಿದೆ, ಖುಷಿಯಿಂದಾನೇ ಒಪ್ಕೊಂಡಿದೀನಿ.

ಮೀಟಿಂಗಲ್ಲಿ ಎರಡು ಗುಂಪಾಯ್ತು. ಒಂದಷ್ಟು ಜನ ವಾರಕ್ಕೊಂದಿನ ಬೇರೆ ಕ್ಲಿನಿಕ್ ಇಡೋಣ, ಅದಕ್ಕೆ ಅಂತಾನೇ ಟ್ರೇನ್ ಆಗಿರೋ ಡಾಕ್ಟ್ರು ಸಿಸ್ಟರ್‌ಗಳನ್ನ ಹಾಕೋಣ ಅಂತಾರೆ. ಇನ್ನೊಂದಷ್ಟು ಜನ, ಅದ್ರಲ್ಲಿ ತುಂಬ ಒಳ್ಳೆಯವರೇ ಇದಾರೆ, ಹೇಳೋದು ಏನಂದ್ರೆ "ನಾವು ಯಾರನ್ನೂ ನೀನ್ಯಾರು ಅಂತ ಕೇಳಲ್ಲ, ಬಂದೋರಿಗೆಲ್ಲ ಒಂದೇ ಥರ ನೋಡ್ತೀವಿ, ತಾರತಮ್ಯ ಎಲ್ಲಿಂದ ಬಂತು" ಅಂತ. ಕೇಳಕ್ಕೆ ಸರಿ ಅನ್ಸುತ್ತೆ, ಆದ್ರೆ ಎಲ್ಲೋ ಏನೋ ತಪ್ಪಿದೆ ಅಂತ ನನಗೆ ಅನ್ನಿಸ್ತಾನೇ ಇದೆ. ಬ್ರಿಟನ್ ಸರ್ಕಾರ 2017ರಲ್ಲಿ ಒಂದು ಸರ್ವೇ ಮಾಡಿತ್ತು, 1 ಲಕ್ಷ 8 ಸಾವಿರಕ್ಕೂ ಜಾಸ್ತಿ ಎಲ್‌ಜಿಬಿಟಿ ಜನ ಉತ್ತರ ಕೊಟ್ಟಿದ್ರು, ಎಲ್ಲರಿಗೂ ಫ್ರೀ ಚಿಕಿತ್ಸೆ ಇರೋ ದೇಶ ಅದು, ಅಲ್ಲೂ ಆಸ್ಪತ್ರೆಲಿ ಕೆಟ್ಟ ಅನುಭವ ಆಗಿದೆ ಅಂದೋರು ಕಮ್ಮಿ ಏನಿರ್ಲಿಲ್ಲ, ಟ್ರಾನ್ಸ್ ಜನರಲ್ಲಂತೂ ಇನ್ನೂ ಜಾಸ್ತಿ. ದುಡ್ಡು ಅಡ್ಡ ಬರದೇ ಇದ್ರೂ ಹೀಗಾಗುತ್ತೆ ಅಂದ್ರೆ ಅಡ್ಡ ಬರ್ತಿರೋದು ಬೇರೆ ಏನೋ ಇದೆ ತಾನೆ.

ಆಸ್ಪತ್ರೆಗೆ ಹೋಗಿ ಅನುಭವಿಸಿರೋರು, ಒಳಗೆ ಕೆಲ್ಸ ಮಾಡೋರು, ಎಲ್ಲರೂ ಹೇಳಿ. ಗೋಡೆಗೆ ಕಾಮನಬಿಲ್ಲಿನ ಪೋಸ್ಟರ್ ಅಂಟಿಸೋದು ಬಿಟ್ಟು ನಿಜವಾಗ್ಲೂ ವ್ಯತ್ಯಾಸ ಆಗೋದು ಯಾವುದ್ರಿಂದ?

ನೀಲಿಅಂಗಿ ಉತ್ತರ:

ಟ್ರಾನ್ಸ್ ಮ್ಯಾನ್ ನಾನು, ಅಂದ್ರೆ ಹುಟ್ಟಿದಾಗ ಹೆಣ್ಣು ಅಂತ ಬರೆದಿದ್ರು, ನಾನು ಗಂಡಸು. "ಎಲ್ಲರಿಗೂ ಒಂದೇ ಥರ" ಅನ್ನೋ ಮಾತಿನಿಂದಾನೇ ಶುರು ಮಾಡ್ತೀನಿ, ಯಾಕಂದ್ರೆ ನನಗೆ ಆಗಿರೋ ತೊಂದ್ರೆಲಿ ಬೈದು ಕಳಿಸಿದೋರಿಗಿಂತ ಈ ಒಂದೇ ಥರದಿಂದ ಆಗಿದ್ದೇ ಹೆಚ್ಚು.

ಗರ್ಭಕಂಠದ ಕ್ಯಾನ್ಸರ್ ತಪಾಸಣೆ ತಗೊಳಿ. ಕೆಲವು ದೇಶಗಳಲ್ಲಿ ಕಂಪ್ಯೂಟರಲ್ಲಿ ಹೆಣ್ಣು ಅಂತಿರೋರಿಗೆಲ್ಲ ಇಷ್ಟು ವಯಸ್ಸಾದ ಮೇಲೆ ಬನ್ನಿ ಅಂತ ತಾನಾಗೇ ಕರೆ ಹೋಗುತ್ತೆ. ನಾನು ದಾಖಲೆಲಿ ಗಂಡು ಅಂತ ಬದಲಾಯಿಸ್ಕೊಂಡೆ ಅಂದ್ರೆ ಆ ಪಟ್ಟಿಯಿಂದ ನನ್ನ ಹೆಸರು ಸದ್ದಿಲ್ದೇ ಬಿದ್ದುಹೋಗುತ್ತೆ, ಆದ್ರೆ ಗರ್ಭಕಂಠ ದೇಹದಲ್ಲಿ ಇದ್ದಲ್ಲೇ ಇರುತ್ತೆ. ಇಂಗ್ಲೆಂಡಲ್ಲಿ ಎಷ್ಟೋ ವರ್ಷದಿಂದ ಇದೇ ಗೋಳು, ಗಂಡು ಅಂತ ರಿಜಿಸ್ಟರ್ ಆದೋರಿಗೆ ಕರೆ ತಾನಾಗಿ ಬರಲ್ಲ, ಅವರೇ ಹೋಗಿ ಕೇಳ್ಬೇಕು. ಟ್ರಾನ್ಸ್ ಹೆಂಗಸರಿಗೂ ಉಲ್ಟಾ ಕಡೆಯಿಂದ ಅದೇ ಕಥೆ, ಈಸ್ಟ್ರೋಜನ್ ಅನ್ನೋ ಹೆಣ್ಣು ಹಾರ್ಮೋನ್ ತಗೊಂಡು ಸ್ತನ ಬೆಳೆದಿರುತ್ತೆ, ದಾಖಲೆ ಇನ್ನೂ ಗಂಡು ಅಂತಿದ್ರೆ ಮ್ಯಾಮೋಗ್ರಾಮಿಗೆ (ಸ್ತನದ ಎಕ್ಸ್‌ರೇ) ಕರೆ ಬರಲ್ಲ. ಇಲ್ಲಿ ಯಾರೂ ಯಾರನ್ನೂ ದ್ವೇಷ ಮಾಡಿಲ್ಲ ನೋಡಿ, ಎಲ್ಲರಿಗೂ ಒಂದೇ ರೂಲು, ಆ ರೂಲು ಬರೆದೋರ ತಲೇಲಿ ನಾವು ಇರಲಿಲ್ಲ ಅಷ್ಟೇ.

ಸರಿ, ನಾನೇ ಕೇಳ್ಕೊಂಡು ಹೋದೆ ಅಂತ ಇಟ್ಕೊಳಿ. ಹೆಂಗಸರ ವಿಭಾಗದ ಮುಂದೆ ಗಡ್ಡ ಇರೋನು ಕೂತಿರ್ತೀನಿ, ಎಲ್ಲರೂ ಹೆಂಡ್ತೀನ ಕರ್ಕೊಂಡು ಬಂದಿದಾನೆ ಅನ್ಕೊಂಡಿರ್ತಾರೆ, ಅಷ್ಟೊತ್ತಿಗೆ ಸಿಸ್ಟರ್ ಬಂದು ಹಳೇ ಹೆಸರನ್ನ ಜೋರಾಗಿ ಕೂಗ್ತಾರೆ. ಎದ್ದು ನಿಂತ್ರೆ ಇಡೀ ಬೆಂಚಿಗೆ ಗೊತ್ತಾಗುತ್ತೆ, ಕೂತೇ ಇದ್ರೆ ಸರದಿ ಹೋಗುತ್ತೆ. ಎಷ್ಟೋ ಜನ ಕೂತೇ ಇರ್ತಾರೆ, ಆಮೇಲೆ ಮೆಲ್ಲಗೆ ಎದ್ದು ಮನೆಗೆ ಹೋಗ್ತಾರೆ. ರಿಜಿಸ್ಟರಲ್ಲಿ ಅದು "ರೋಗಿ ಹಾಜರಾಗಲಿಲ್ಲ" ಅಂತ ಬೀಳುತ್ತೆ.

ಅಮೆರಿಕಾದಲ್ಲಿ ಆಗಿರೋ ಒಂದು ಪ್ರಕರಣ 2019ರಲ್ಲಿ ದೊಡ್ಡ ವೈದ್ಯಕೀಯ ಪತ್ರಿಕೆಲೇ ಬಂತು. 32 ವರ್ಷದ ಟ್ರಾನ್ಸ್ ಮ್ಯಾನ್, ಹೊಟ್ಟೆನೋವು ಅಂತ ಎಮರ್ಜೆನ್ಸಿಗೆ ಬಂದ. ನಾನು ಟ್ರಾನ್ಸ್ ಅಂತ ಹೇಳಿದ, ಮನೇಲಿ ಪ್ರೆಗ್ನೆನ್ಸಿ ಟೆಸ್ಟ್ ಪಾಸಿಟಿವ್ ಬಂದಿದೆ ಅಂತಾನೂ ಹೇಳಿದ. ಕಂಪ್ಯೂಟರಲ್ಲಿ ಗಂಡು ಅಂತಿತ್ತು, ತೂಕ ಜಾಸ್ತಿ, ಬಿಪಿ ಮಾತ್ರೆ ಬಿಟ್ಟಿದಾನೆ, ಅರ್ಜೆಂಟ್ ಏನಿಲ್ಲ ಅಂತ ಕಾಯಕ್ಕೆ ಕೂರಿಸಿದ್ರು. ಗಂಟೆಗಟ್ಲೆ ಆದ್ಮೇಲೆ ಸ್ಕ್ಯಾನ್ ಮಾಡಿದ್ರೆ ತುಂಬು ಗರ್ಭ, ಮಗುವಿನ ಎದೆಬಡಿತ ಸರಿಯಾಗಿ ಸಿಗಲಿಲ್ಲ, ಮಗು ಸತ್ತೇ ಹುಟ್ಟಿತು. ಆ ನರ್ಸ್ ಒರಟಾಗಿ ಏನೂ ನಡ್ಕೊಂಡಿರಲಿಲ್ಲ. ಎದುರಿಗೆ ಕೂತು ಬಾಯಿಬಿಟ್ಟು ಹೇಳ್ತಿರೋ ಮನುಷ್ಯನಿಗಿಂತ ಸ್ಕ್ರೀನ್ ಮೇಲಿನ ಒಂದಕ್ಷರ ಜಾಸ್ತಿ ಆಯ್ತು. ನಿಮ್ಮ ಟ್ರೇನಿಂಗಲ್ಲಿ ಬೇರೆ ಏನು ಹೇಳದೇ ಇದ್ರೂ ಈ ಪ್ರಕರಣ ಪೂರ್ತಿ ಓದಿಸಿ, ದಯವಿಟ್ಟು.

ಜನರಲ್‌ವಾರ್ಡ್ ಉತ್ತರ:

ಡಾಕ್ಟರ್ ಕಡೆಯಿಂದ ಒಂದೆರಡು ಮಾತು. ನಮಗೆ ಇದನ್ನ ಯಾರೂ ಕಲಿಸಲ್ಲ, ಅದು ನಿಜ. ಅಮೆರಿಕಾ ಕೆನಡಾದ ಮೆಡಿಕಲ್ ಕಾಲೇಜುಗಳನ್ನ ಕೇಳಿ 2011ರಲ್ಲಿ ಪ್ರಕಟ ಮಾಡಿದ ಅಧ್ಯಯನದಲ್ಲಿ ಇಡೀ ಕೋರ್ಸಲ್ಲಿ ಎಲ್‌ಜಿಬಿಟಿ ಆರೋಗ್ಯಕ್ಕೆ ಕೊಡೋ ಸಮಯದ ಮಧ್ಯಾಂಕ 5 ಗಂಟೆ ಅಂತ ಬಂತು, ಒಂದು ಗಂಟೇನೂ ಕೊಡದ ಕಾಲೇಜೂ ಇತ್ತು. ಅಲ್ಲೇ ಅಷ್ಟು. ಕಲಿಸಿರೋದಾದ್ರೂ ಎಂಥದ್ದು, ಸಲಿಂಗಕಾಮ ಕಾಯಿಲೆ ಅಂತ ಓದಿದ ಪೀಳಿಗೆಯ ಮೇಷ್ಟ್ರುಗಳೇ ಎಷ್ಟೋ ವರ್ಷ ಪಾಠ ಮಾಡಿದ್ದು. ಅಮೆರಿಕಾದ ಮನೋವೈದ್ಯರ ಸಂಘ ಅದನ್ನ ಕಾಯಿಲೆ ಪಟ್ಟಿಯಿಂದ ತೆಗೆದಿದ್ದು 1973ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ತೆಗೆದಿದ್ದು 1990ರ ಮೇ 17ಕ್ಕೆ. ಟ್ರಾನ್ಸ್ ಆಗಿರೋದನ್ನ ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ಹೊರಗೆ ತಂದ ಐಸಿಡಿ-11 (ಅದೇ ಸಂಸ್ಥೆಯ ಕಾಯಿಲೆಗಳ ಪಟ್ಟಿ) ಜಾರಿಗೆ ಬಂದಿದ್ದು 2022ರ ಜನವರಿಯಲ್ಲಿ, ಅಂದ್ರೆ ಮೊನ್ನೆ ಮೊನ್ನೆ. ಈಗ ಪ್ರಾಕ್ಟೀಸ್ ಮಾಡ್ತಿರೋ ಹೆಚ್ಚಿನವರು ಓದಿದ್ದು ಹಳೇ ಪುಸ್ತಕನೇ.

ಅದಕ್ಕೇ ಸೂಕ್ಷ್ಮವಾಗಿ ನಡ್ಕೊಳಿ ಅಂತ ಹೇಳೋ ಟ್ರೇನಿಂಗ್ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ. ಡಾಕ್ಟ್ರುಗಳಿಗೆ ಮೆಡಿಸಿನ್ ಭಾಷೇಲಿ ಹೇಳಿ, ಆಗ ಕಿವಿ ಕೊಡ್ತಾರೆ. ಹಿಮೋಗ್ಲೋಬಿನ್ ರಿಪೋರ್ಟು ನೋಡಿ, ಟೆಸ್ಟೋಸ್ಟೆರಾನ್ ಅನ್ನೋ ಗಂಡು ಹಾರ್ಮೋನ್ ತಗೊಳ್ತಿರೋ ಟ್ರಾನ್ಸ್ ಗಂಡಸಿಗೆ ಅದು ಗಂಡಸರ ಮಟ್ಟಕ್ಕೆ ಏರುತ್ತೆ, ಲ್ಯಾಬಿನ ಸಾಫ್ಟ್‌ವೇರ್ ಹೆಣ್ಣಿನ ರೇಂಜ್ ಹಿಡಿದ್ರೆ ಇಲ್ಲದ ತೊಂದ್ರೆ ಇದೆ ಅಂತ ಕೆಂಪಕ್ಷರದಲ್ಲಿ ತೋರ್ಸುತ್ತೆ, ಅದೇ ರಕ್ತ ಕಮ್ಮಿ ಆಗಿದ್ರೆ ಎಲ್ಲ ನಾರ್ಮಲ್ ಅಂತ ಕಳಿಸ್ಬಿಡುತ್ತೆ. ಟ್ರಾನ್ಸ್ ಹೆಂಗಸಿಗೆ ಜನನಾಂಗದ ಸರ್ಜರಿ ಆಗಿದ್ರೂ ಪ್ರಾಸ್ಟೇಟ್ ಒಳಗೇ ಬಿಟ್ಟಿರ್ತಾರೆ, ಹಾರ್ಮೋನಿನಿಂದ ಪಿಎಸ್‌ಎ (ಪ್ರಾಸ್ಟೇಟ್ ಕ್ಯಾನ್ಸರ್ ನೋಡೋ ರಕ್ತಪರೀಕ್ಷೆ ಲೆಕ್ಕ) ಇಳಿದಿರುತ್ತೆ, ಮಾಮೂಲಿ ಕಟ್‌ಆಫ್ ಹಿಡ್ಕೊಂಡು ಕೂತ್ರೆ ಕ್ಯಾನ್ಸರ್ ಕೈ ತಪ್ಪಬಹುದು. ಇನ್ನು ಟೆಸ್ಟೋಸ್ಟೆರಾನ್ ಗರ್ಭನಿರೋಧಕ ಅಲ್ಲ, ಇದು ರೋಗಿಗಳಿಗೂ ಗೊತ್ತಿರಲ್ಲ ಡಾಕ್ಟ್ರಿಗೂ ಗೊತ್ತಿರಲ್ಲ.

ಹಗಲುಪಾಳಿಯವರೇ, ನಿಮ್ಮ ಕೈಲಿ ಆಗೋದು ಅಂದ್ರೆ ಫಾರ್ಮು. ಲಿಂಗ ಅಂತ ಒಂದೇ ಕಾಲಂ ಇರೋ ಕಡೆ ಎರಡು ಪ್ರಶ್ನೆ ಹಾಕಿ, ಹುಟ್ಟಿದಾಗ ಏನು ಅಂತ ದಾಖಲಾಗಿತ್ತು, ಈಗ ನಿಮ್ಮನ್ನ ಏನು ಅಂತ ಗುರುತಿಸ್ಕೊಳ್ತೀರ. ಸಾಧ್ಯ ಆದ್ರೆ ದೇಹದಲ್ಲಿ ಈಗ ಯಾವ ಅಂಗ ಇದೆ ಅನ್ನೋದಕ್ಕೆ ಪ್ರತ್ಯೇಕ ಪಟ್ಟಿ, ಇದು ಬರೀ ಟ್ರಾನ್ಸ್ ಜನಕ್ಕಲ್ಲ, ಗರ್ಭಕೋಶ ತೆಗೆಸ್ಕೊಂಡಿರೋ ಯಾವ ಹೆಂಗಸಿಗೂ ಉಪಯೋಗಕ್ಕೆ ಬರುತ್ತೆ. ಸ್ಕ್ರೀನಿಂಗ್ ಕರೆ ಆ ಅಂಗಗಳ ಪಟ್ಟಿ ನೋಡಿ ಹೋಗ್ಲಿ. ನೀಲಿಅಂಗಿಯವರು ಹೇಳಿದ ಅರ್ಧ ಸಮಸ್ಯೆ ಇದ್ರಲ್ಲೇ ತೀರುತ್ತೆ.

ಸಂಜೆಬಸ್ಸು ಉತ್ತರ:

ಟ್ರಾನ್ಸ್ ಜನರ ಬಗ್ಗೆ ಮೇಲೆ ಚೆನ್ನಾಗಿ ಬಂದಿದೆ, ನಾನು ಲೆಸ್ಬಿಯನ್ ಹೆಂಗಸರ ಕಡೆಯಿಂದ ಹೇಳ್ತೀನಿ, ನಮ್ಮ ವಿಷಯ ಸಾಮಾನ್ಯವಾಗಿ ಪಟ್ಟಿ ಕೊನೇಲಿ ಬರುತ್ತೆ ಇಲ್ಲಾಂದ್ರೆ ಬರೋದೇ ಇಲ್ಲ.

ಪ್ಯಾಪ್ ಟೆಸ್ಟ್, ಅದೇ ಗರ್ಭಕಂಠದ ಕ್ಯಾನ್ಸರ್ ತಪಾಸಣೆ, ಮಾಡಿಸಕ್ಕೆ ಹೋದ್ರೆ ಮೊದಲ ಪ್ರಶ್ನೆ ಮದುವೆ ಆಗಿದೆಯಾ. ಇಲ್ಲ ಅಂದ್ರೆ "ಹಾಗಾದ್ರೆ ಬೇಕಾಗಿಲ್ಲ ಬಿಡಿ". ಹೌದು ಅಂದ್ರೆ ಗಂಡ ಏನ್ಮಾಡ್ತಾರೆ, ಮಕ್ಕಳೆಷ್ಟು, ಏನು ಗರ್ಭನಿರೋಧಕ ಬಳಸ್ತೀರ. ಈ ಪ್ರಶ್ನೆಗಳ ಸರಪಳೀಲಿ ನಾನು ಹೇಳ್ಬೇಕಾಗಿರೋ ಮಾತಿಗೆ ಜಾಗಾನೇ ಇಲ್ಲ, ಮಧ್ಯೆ ನಿಲ್ಲಿಸಿ ಹೇಳ್ಬೇಕು, ಹೇಳಿದ್ಮೇಲೆ ಅವರ ಮುಖ ಹೇಗಾಗುತ್ತೆ ಅಂತ ನೋಡ್ಕೊಂಡು ಆಮೇಲೆ ಬಟ್ಟೆ ಬಿಚ್ಚಿ ಮಲಗ್ಬೇಕು. ಆ ಕ್ಯಾನ್ಸರ್ ತರೋ ವೈರಸ್ ಎಚ್‌ಪಿವಿ ಚರ್ಮದಿಂದ ಚರ್ಮಕ್ಕೆ ಹರಡುತ್ತೆ, ಹೆಂಗಸಿನಿಂದ ಹೆಂಗಸಿಗೂ ಬರುತ್ತೆ, ಮೊದಲು ಯಾವಾಗಲೋ ಗಂಡಸಿನ ಜೊತೆ ಸಂಬಂಧ ಇದ್ದಿರಬಹುದು, ಹಿಂಸೆಗೆ ಒಳಗಾಗಿರಬಹುದು. "ನಿಮಗೆ ಬೇಕಾಗಿಲ್ಲ" ಅನ್ನೋದು ತಪ್ಪು ಮಾಹಿತಿ, ಅದನ್ನ ಆಸ್ಪತ್ರೆಯವರೇ ಕೊಡ್ತಾರಲ್ಲ, ಅದು ನನಗೆ ಇವತ್ತಿಗೂ ಸಿಟ್ಟು ಬರ್ಸುತ್ತೆ.

ಬದಲಿಗೆ ಕೇಳೋದು ಏನು ಕಷ್ಟ ಇದೆ? "ಸಂಗಾತಿ ಇದಾರಾ? ಗಂಡಸರಾ, ಹೆಂಗಸರಾ, ಎರಡೂನಾ? ಇದನ್ನ ಎಲ್ಲರಿಗೂ ಕೇಳ್ತೀವಿ, ಯಾವ ಟೆಸ್ಟ್ ಬೇಕು ಅಂತ ನೋಡಕ್ಕೆ." ಅಷ್ಟೇ. ಎಲ್ಲರಿಗೂ ಕೇಳ್ತೀವಿ ಅನ್ನೋ ಮಾತು ಮುಖ್ಯ, ಆಗ ನಾನು ಮುಖ ನೋಡಿ ಕೇಳಿದ್ರು ಅಂತ ಅನ್ಕೊಳಲ್ಲ. ಇನ್ನೊಂದು ವಿಷಯ, ವಿಶ್ವ ಆರೋಗ್ಯ ಸಂಸ್ಥೆ 2021ರ ಮಾರ್ಗಸೂಚಿಲಿ ಎಚ್‌ಪಿವಿ ಟೆಸ್ಟಿಗೆ ಸ್ಯಾಂಪಲ್ ತಾವೇ ತಗೋಬಹುದು ಅಂತ ಹೇಳಿದೆ. ಒಂದು ಸ್ವಾಬು, ಬಾಗಿಲು ಹಾಕ್ಕೊಂಡು ನಾವೇ ತಗೊಂಡು ಕೊಡೋದು. ಸ್ಪೆಕ್ಯುಲಮ್ (ಒಳಗೆ ನೋಡಕ್ಕೆ ಯೋನಿ ಅಗಲಿಸೋ ಸಾಧನ) ಅಂದ್ರೆ ಹೆದರಿ ಓಡಿಹೋಗೋ ಎಷ್ಟೋ ಹೆಂಗಸರು, ಟ್ರಾನ್ಸ್ ಗಂಡಸರು, ಇದಕ್ಕೆ ಒಪ್ತಾರೆ. ನಿಮ್ಮ ಪ್ಲ್ಯಾನಲ್ಲಿ ಇದನ್ನ ಖಂಡಿತ ಹಾಕಿ.

ಆಮೇಲೆ ಐಸಿಯು ಬಾಗಿಲು. ಒಳಗಿರೋದು ನನ್ನ ಹುಡುಗಿ, ಹೊರಗೆ "ನೀವು ಅವರಿಗೆ ಏನಾಗ್ಬೇಕು?" ಅಂತ ಕೇಳ್ತಾರೆ. ಫ್ರೆಂಡ್ ಅಂದ್ರೆ ಒಳಗೆ ಬಿಡಲ್ಲ, ಅಕ್ಕ ಅಂತ ಸುಳ್ಳು ಹೇಳಿದ್ರೆ ಬಿಡ್ತಾರೆ. ಮಾತೇ ಆಡ್ಸದ ಅಣ್ಣ ಬಂದು ಸಹಿ ಹಾಕಬಹುದು, ವರ್ಷಗಟ್ಲೆ ಜೊತೆಲಿ ಬದುಕಿರೋ ನಾನು ಹಾಕಂಗಿಲ್ಲ. ಮದುವೆ ಕಾನೂನು ಇಲ್ಲದ ಕಡೆನೂ ಆಸ್ಪತ್ರೆ ತನ್ನ ಮಟ್ಟದಲ್ಲಿ ಒಂದು ಕೆಲಸ ಮಾಡ್ಬೋದು, ಅಡ್ಮಿಟ್ ಆಗೋವಾಗಲೇ "ನಿಮ್ಮ ಪರವಾಗಿ ಯಾರ ಹತ್ರ ಮಾತಾಡ್ಬೇಕು, ಯಾರು ನೋಡಕ್ಕೆ ಬರ್ಬೇಕು" ಅಂತ ರೋಗಿಯನ್ನೇ ಕೇಳಿ ಬರೆದಿಟ್ಕೊಳೋದು, ಸಂಬಂಧ ಏನು ಅಂತ ಕೆದಕದೇ. ಇದು ಹೊಸದೇನಲ್ಲ, ಭಾರತದ 2017ರ ಮಾನಸಿಕ ಆರೋಗ್ಯ ಕಾಯ್ದೆಲಿ ಯಾವ ವಯಸ್ಕ ಬೇಕಾದ್ರೂ ತನಗೆ ಬೇಕಾದವರನ್ನ ಪ್ರತಿನಿಧಿ ಅಂತ ಹೆಸರಿಸಬಹುದು, ರಕ್ತಸಂಬಂಧಾನೇ ಆಗ್ಬೇಕು ಅಂತಿಲ್ಲ. ಲೈಂಗಿಕ ಒಲವಿನ ಆಧಾರದಲ್ಲಿ ತಾರತಮ್ಯ ಮಾಡಂಗಿಲ್ಲ ಅಂತಾನೂ ಅದೇ ಕಾಯ್ದೆಲಿ ಬರೆದಿದೆ. ಮನಸ್ಸಿನ ಕಾಯಿಲೆಗೆ ಆಗೋದು ಮುರಿದ ಕಾಲಿಗೆ ಯಾಕಾಗಲ್ಲ?

ಔಟ್‌ರೀಚ್‌ಬ್ಯಾಗು ಉತ್ತರ:

ನಾನು ಎಚ್‌ಐವಿ ಕಡೆ ಸಮುದಾಯದ ಜೊತೆ ಓಡಾಡೋ ಕೆಲಸದವನು. ಮೇಲಿನ ಮೂವರಿಗೂ ನನ್ನ ಬೆಂಬಲ ಇದೆ, ಆದ್ರೆ ಎರಡು ಕಡೆ ತಕರಾರಿದೆ.

ಮೊದಲ್ನೇದು, ಬೇರೆ ಕ್ಲಿನಿಕ್ ಬೇಡ್ವೇ ಬೇಡ ಅನ್ನೋ ಹಾಗೆ ಮಾತು ಹೋಗ್ತಿದೆ, ಅದು ಸರಿಯಲ್ಲ. ಗಂಡಸರ ಜೊತೆ ಸಂಬಂಧ ಇಟ್ಕೊಂಡಿರೋ ಗಂಡಸು, ಮನೇಲಿ ಯಾರಿಗೂ ಗೊತ್ತಿಲ್ಲ, ಅವನು ಜನರಲ್ ಒಪಿಡಿಲಿ ಎಲ್ಲರ ಮುಂದೆ ನಿಂತು ಗುದದ ಹತ್ರ ಹುಣ್ಣಾಗಿದೆ ಅಂತ ಹೇಳ್ತಾನಾ? ಸಂಜೆ ಹೊತ್ತು ತೆಗೆದಿರೋ, ತನ್ನಂಥೋರೇ ಒಳಗೆ ಕೆಲಸ ಮಾಡೋ ಜಾಗಕ್ಕೆ ಬರ್ತಾನೆ. ಪ್ರೆಪ್ ಮಾತ್ರೆ ತಗೊಳಿ, ಅಮೆರಿಕಾದಲ್ಲಿ 2012ರಲ್ಲಿ ಒಪ್ಪಿಗೆ ಸಿಕ್ತು, ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಅಪಾಯ ಜಾಸ್ತಿ ಇರೋ ಎಲ್ಲರಿಗೂ ಕೊಡಿ ಅಂತು, ಸರಿಯಾಗಿ ತಗೊಂಡ್ರೆ ಎಚ್‌ಐವಿ ಬರದ ಹಾಗೆ ತಡೆಯುತ್ತೆ. ಮಾತ್ರೆ ಇದ್ರೆ ಸಾಲ್ದು, ಕೇಳಕ್ಕೆ ಧೈರ್ಯ ಬರೋ ಜಾಗ ಇರ್ಬೇಕು. ಚಿಕಿತ್ಸೆ ತಗೊಂಡು ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದೋರಿಂದ ಸಂಗಾತಿಗೆ ಲೈಂಗಿಕವಾಗಿ ಎಚ್‌ಐವಿ ಹರಡಲ್ಲ ಅಂತ ಪಾರ್ಟ್‌ನರ್ ಅನ್ನೋ ಹೆಸರಿನ ಅಧ್ಯಯನಗಳು ತೋರಿಸಿ ವರ್ಷಗಳೇ ಆಯ್ತು, ಇವತ್ತಿಗೂ ಹಲ್ಲಿನ ಡಾಕ್ಟ್ರು ಎಚ್‌ಐವಿ ಅಂತ ಕೇಳಿದ್ರೆ ಎರಡೆರಡು ಗ್ಲೌಸ್ ಹಾಕ್ತಾರೆ, ಸಂಜೆ ಕೊನೇಲಿ ಬನ್ನಿ ಅಂತಾರೆ. 2022ರಲ್ಲಿ ಎಂಪಾಕ್ಸ್ (ಮಂಕಿಪಾಕ್ಸ್) ಬಂದಾಗಲೂ ಅಷ್ಟೇ, ಸಮುದಾಯದವರೇ ಮುಂದೆ ನಿಂತು ಲಸಿಕೆ ಹಾಕಿಸ್ಕೊಳಿ ಅಂತ ಹೇಳಿದ ಕಡೆ ಜನ ಸಾಲು ನಿಂತ್ರು.

ಬೇರೆ ಕ್ಲಿನಿಕ್ ಇರ್ಲಿ, ಆದ್ರೆ ಅದು ಇನ್ನೊಂದು ಬಾಗಿಲಾಗಿ ಇರ್ಲಿ. ಕಾಲು ಮುರಿದ ಟ್ರಾನ್ಸ್ ಹೆಂಗಸಿಗೆ "ನಿಮ್ಮ ಕ್ಲಿನಿಕ್ ಗುರುವಾರ" ಅಂತ ಹೇಳೋ ಹಾಗೆ ಆದ್ರೆ ಅದಕ್ಕಿಂತ ಇಲ್ಲದೇ ಇರೋದೇ ವಾಸಿ. ಅಪಾಯ ಅಲ್ಲೇ ಇರೋದು, ಒಂದು ಕ್ಲಿನಿಕ್ ಮಾಡಿದ ತಕ್ಷಣ ಉಳಿದೋರೆಲ್ಲ ನಮ್ಮ ಜವಾಬ್ದಾರಿ ಮುಗೀತು ಅಂತ ಕೈ ತೊಳ್ಕೊಂಡ್ಬಿಡ್ತಾರೆ.

ಎರಡನೇದು ಫಾರ್ಮು. ಡಾಕ್ಟ್ರೇ, ನಿಮ್ಮ ಎರಡು ಪ್ರಶ್ನೆ ವೈದ್ಯಕೀಯವಾಗಿ ಸರಿ. ಆದ್ರೆ ಆ ಉತ್ತರ ಯಾರ್ಯಾರ ಕಣ್ಣಿಗೆ ಬೀಳುತ್ತೆ? ಕೌಂಟರಲ್ಲಿ ಗಾಜಿನ ತೂತಿನಿಂದ ಕೂಗಿ ಕೇಳಿದ್ರೆ ಹಿಂದಿನ ಸಾಲಿಗೆಲ್ಲ ಕೇಳ್ಸುತ್ತೆ. ಪ್ರಪಂಚದಲ್ಲಿ ಇವತ್ತಿಗೂ 60ಕ್ಕೂ ಜಾಸ್ತಿ ದೇಶದಲ್ಲಿ ಸಲಿಂಗ ಸಂಬಂಧ ಅಪರಾಧ, ಉಗಾಂಡಾದಲ್ಲಿ 2023ರಲ್ಲಿ ಇನ್ನೂ ಕಠಿಣ ಕಾನೂನು ಮಾಡಿದ್ರು. ಅಂಥ ಕಡೆ ಫೈಲಲ್ಲಿ ಬರೆದ ಒಂದು ಸಾಲು ಪೊಲೀಸ್ ಠಾಣೆವರೆಗೂ ಹೋಗ್ಬೋದು. ಅಪರಾಧ ಅಲ್ಲದ ಕಡೇಲೂ ವಾರ್ಡ್ ಬಾಯ್ ಕಡೆಯಿಂದ ವಿಷಯ ಮನೆಗೆ ತಲುಪುತ್ತೆ, ಅದರಿಂದ ಮನೆ ಬಿಟ್ಟು ಹೋಗ್ಬೇಕಾಗಿ ಬಂದೋರು ನನಗೆ ಗೊತ್ತು. ಅದಕ್ಕೇ ನನ್ನ ಮಾತು ಏನಂದ್ರೆ, ದಾಖಲೆ ಭದ್ರ ಮಾಡೋವರೆಗೂ ಪ್ರಶ್ನೆ ಹಾಕಬೇಡಿ. ಯಾರು ತೆರೆದ್ರು ಅಂತ ಗೊತ್ತಾಗೋ ವ್ಯವಸ್ಥೆ ಇರ್ಬೇಕು, ಹೇಳಲ್ಲ ಅನ್ನೋ ಆಯ್ಕೆ ಇರ್ಬೇಕು, ಹೇಳದೇ ಇದ್ರೂ ಚಿಕಿತ್ಸೆ ಪೂರ್ತಿ ಸಿಗ್ಬೇಕು.

ಜನರಲ್‌ವಾರ್ಡ್ ಉತ್ತರ:

ಔಟ್‌ರೀಚ್‌ಬ್ಯಾಗು, ಭದ್ರತೆ ಬಗ್ಗೆ ಹೇಳಿದ್ದು ಒಪ್ತೀನಿ, ಕೌಂಟರಲ್ಲಿ ಅಲ್ಲ, ಕನ್ಸಲ್ಟೇಷನ್ ರೂಮಲ್ಲಿ ಬಾಗಿಲು ಹಾಕಿ ಕೇಳ್ಬೇಕು. ಆದ್ರೆ ಕೇಳದೇನೇ ಇರೋದಕ್ಕೆ ನಾನು ಒಪ್ಪಲ್ಲ, ಕನಿಷ್ಠ ಅಪರಾಧ ಅಲ್ಲದ ದೇಶಗಳಲ್ಲಿ. ಲೆಕ್ಕದಲ್ಲಿ ಇಲ್ಲದ ಜನಕ್ಕೆ ಬಜೆಟಲ್ಲೂ ಜಾಗ ಇರಲ್ಲ. ಖಿನ್ನತೆ, ಆತ್ಮಹತ್ಯೆ ಯೋಚನೆ ಎಲ್‌ಜಿಬಿಟಿ ಜನರಲ್ಲಿ ಜಾಸ್ತಿ ಅಂತ ದೇಶ ದೇಶದ ಅಧ್ಯಯನಗಳಲ್ಲಿ ಬಂದಿದೆ, ಅದು ಅವರ ಸ್ವಭಾವದಿಂದ ಬರೋದಲ್ಲ, ದಿನಾ ಮುಚ್ಚಿಡೋದು, ಯಾವಾಗ ಅವಮಾನ ಆಗುತ್ತೋ ಅಂತ ಕಾಯ್ತಿರೋದು, ಈ ಒತ್ತಡದಿಂದ ಬರೋದು ಅಂತ ಮನಶ್ಶಾಸ್ತ್ರಜ್ಞ ಇಲಾನ್ ಮೇಯರ್ 2003ರಲ್ಲೇ ಬಿಡಿಸಿ ಬರೆದಿದಾರೆ. ಯಾರೋ ಒಬ್ಬರು ಮೊದಲು ಕೇಳಿ ಬರ್ಕೊಂಡಿದ್ದಕ್ಕೇ ಇದು ಗೊತ್ತಾಗಿದ್ದು.

ಮಾನಸಿಕ ಆರೋಗ್ಯದ ಮಾತು ಬಂದಿದ್ದಕ್ಕೆ, ಸಲಿಂಗಿ ಅಥವಾ ಟ್ರಾನ್ಸ್ ಆಗಿರೋದನ್ನ "ಬದಲಾಯಿಸ್ತೀವಿ" ಅಂತ ಕೌನ್ಸೆಲಿಂಗ್ ಕೊಡೋರು ನಿಮ್ಮ ಆಸ್ಪತ್ರೆ ಪಟ್ಟಿಲಿ ಇದ್ರೆ ಮೊದಲು ತೆಗೀರಿ. ಮಾಲ್ಟಾ 2016ರಲ್ಲೇ ಕಾನೂನು ಮಾಡಿ ನಿಲ್ಲಿಸ್ತು, ಕೆನಡಾ 2022ರಲ್ಲಿ ಅಪರಾಧ ಅಂತ ಮಾಡ್ತು. ಅದ್ರಿಂದ ಯಾರೂ ಬದಲಾಗಲ್ಲ, ಜನ ಕುಗ್ಗಿ ಹೋಗ್ತಾರೆ.

ಹಗಲುಪಾಳಿ:

ಎಲ್ಲರಿಗೂ ತುಂಬ ಥ್ಯಾಂಕ್ಸ್, ಇದನ್ನೆಲ್ಲ ಪ್ರಿಂಟ್ ತೆಗೆದು ಮೀಟಿಂಗಿಗೆ ತಗೊಂಡು ಹೋಗ್ತೀನಿ. ಹೆಸರು ಕೂಗೋದನ್ನ ನಿಲ್ಲಿಸಿ ಟೋಕನ್ ನಂಬರ್ ಮಾಡೋದು, ಎಚ್‌ಪಿವಿ ಸ್ವಾಬ್ ತಾವೇ ತಗೊಳೋದು, ಅಡ್ಮಿಷನ್ ಫಾರ್ಮಲ್ಲಿ ರೋಗಿ ಹೆಸರಿಸಿದ ವ್ಯಕ್ತಿ, ಈ ಮೂರು ತಕ್ಷಣ ಕೇಳ್ತೀನಿ, ಇದಕ್ಕೆ ಯಾರೂ ಇಲ್ಲ ಅನ್ನಕ್ಕೆ ಕಾರಣ ಇಲ್ಲ. ಸಾಫ್ಟ್‌ವೇರ್ ಬದಲಾವಣೆ ನಿಧಾನ ಆಗುತ್ತೆ, ಬೆನ್ನು ಹತ್ತಬೇಕು.

ಒಂದು ಕೇಳ್ಬೇಕಿತ್ತು. ವಾರ್ಡ್ ಹಂಚೋದು ಗಂಡು ಹೆಣ್ಣು ಅಂತಾನೇ ಇದೆ. ಟ್ರಾನ್ಸ್ ರೋಗಿ ಅಡ್ಮಿಟ್ ಆದ್ರೆ ಎಲ್ಲಿ ಹಾಕೋದು ಅಂತ ಪ್ರತಿ ಸಲ ಗಲಾಟೆ, ಅಷ್ಟೊತ್ತೂ ರೋಗಿ ಸ್ಟ್ರೆಚರ್ ಮೇಲೆ ಕಾರಿಡಾರಲ್ಲಿ. ಏನ್ ಮಾಡ್ಬೇಕು?

ನೀಲಿಅಂಗಿ ಉತ್ತರ:

ರೋಗಿನ ಕೇಳಿ. ನಿಜವಾಗ್ಲೂ ಅಷ್ಟೇ, ಎಲ್ಲರೂ ಎಲ್ಲರನ್ನೂ ಕೇಳ್ತಾರೆ, ಸ್ಟ್ರೆಚರ್ ಮೇಲಿರೋರನ್ನ ಬಿಟ್ಟು. ಅವರು ಬದುಕ್ತಿರೋ ಲಿಂಗದ ವಾರ್ಡು ಮೊದಲ ಆಯ್ಕೆ, ಬೇರೆ ರೂಮ್ ಬೇಕು ಅಂದ್ರೆ ಖಾಲಿ ಇದ್ರೆ ಕೊಡಿ, ಆದ್ರೆ ಅವರು ಕೇಳದೇ ಬೇರೆ ರೂಮಿಗೆ ತಳ್ಳಬೇಡಿ, ಅದು ಶಿಕ್ಷೆ ಥರ ಆಗುತ್ತೆ. ಪ್ರಜ್ಞೆ ಇಲ್ಲದೇ ಬಂದ್ರೆ ಅವರ ಬಟ್ಟೆ, ಜೊತೆಗೆ ಬಂದೋರು ಕರೆಯೋ ಹೆಸರು, ಇದನ್ನ ನೋಡಿ ನಿರ್ಧಾರ ಮಾಡಿ. ಮತ್ತೆ ಈ ನಿಯಮ ಬರೆದು ಡ್ಯೂಟಿ ರೂಮಲ್ಲಿ ಹಾಕಿ, ಯಾಕಂದ್ರೆ ನೀವು ಹಗಲುಪಾಳಿ, ನಾವು ಬಂದು ಬೀಳೋದು ರಾತ್ರಿ ಎರಡು ಗಂಟೆಗೆ, ಆಗ ಅಲ್ಲಿರೋ ಹೊಸ ಹುಡುಗ ಯಾರನ್ನ ಕೇಳ್ತಾನೆ.

ಸಂಜೆಬಸ್ಸು ಉತ್ತರ:

ಆ ಬರಹದ ಕೆಳಗೆ ದೂರು ಕೊಡೋ ನಂಬರ್ ಕೂಡ ಇರ್ಲಿ, ದೂರು ಕೊಟ್ಟೋರ ಹೆಸರು ಅದೇ ವಾರ್ಡಿಗೆ ವಾಪಸ್ ಹೋಗದ ಹಾಗೆ. ಅದೇ ಡಾಕ್ಟ್ರ ಹತ್ರ ಮುಂದಿನ ತಿಂಗಳು ಮತ್ತೆ ಹೋಗ್ಬೇಕಲ್ಲ ಅಂತ ನಮ್ಮಲ್ಲಿ ಯಾರೂ ಬಾಯಿ ಬಿಡಲ್ಲ. ಆರು ತಿಂಗಳಾದ್ಮೇಲೆ ಒಂದೂ ದೂರು ಬಂದಿಲ್ಲ ಅಂದ್ರೆ ಎಲ್ಲ ಸರಿ ಹೋಯ್ತು ಅಂತ ರಿಪೋರ್ಟ್ ಬರೀಬೇಡಿ, ಮೊದಲ ಸಲ ಬಂದೋರು ಎರಡನೇ ಸಲ ಬಂದ್ರಾ ಅಂತ ನೋಡಿ.